ಸಮ್ಮೇಳನದಿಂದ ಮರಳಿದ ಸೋದರಳಿಯ

ಕಾಶಿಯಿಂದ ಮರಳಿದವನು ಗಂಗೆಯ ತಂಬಿಗೆಯನ್ನು ಒಡೆದು ಊರವರಿಗೆಲ್ಲ ತೀರ್ಥ ಹಂಚಿ ಸುಮ್ಮನಾಗುವನು; ತುರ್ತುಚಿಕಿತ್ಸಾಶಾಸ್ತ್ರದ ಸಮ್ಮೇಳನದಿಂದ ಮರಳಿದ ಕಿರಿಯ ವೈದ್ಯನಾದರೋ, ಕೊರಳಿನಲ್ಲಿ ತೂಗುವ ಹೆಸರಿನ ಚೀಟಿಯನ್ನು ಕಳಚುವುದಕ್ಕೂ ಮೊದಲೇ, ಕಲಿತುದನ್ನು ಕಲಿಸುವ ಆತುರದಿಂದ ಎದುರಿಗೆ ಸಿಕ್ಕಿದ ದೇಹವನ್ನು ನೆಲಕ್ಕೆ ಮಲಗಿಸುವನು. ಈ ಕುಲವೇನೂ ನಮ್ಮಲ್ಲಿ ಪ್ರಾಚೀನವಾದುದಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು ತುರ್ತುಚಿಕಿತ್ಸೆಯನ್ನು ಪ್ರತ್ಯೇಕ ಸ್ನಾತಕೋತ್ತರ ಶಾಸ್ತ್ರವೆಂದು ಮನ್ನಿಸಿದುದೇ 2009ರಲ್ಲಿ. ಹೊಸ ಮತದವರಿಗೆ ಪ್ರಚಾರದ ಹುಮ್ಮಸ್ಸು ಅಧಿಕವೆಂಬುದಕ್ಕೆ ನನ್ನ ತಂಗಿಯ ಮಗನೇ ಸಾಕ್ಷಿ.

ಬೆಂಗಳೂರಿನಲ್ಲಿ ಎಂ.ಡಿ. ವ್ಯಾಸಂಗದಲ್ಲಿರುವ ಈತನು ನಮ್ಮೂರಾದ ಸಖರಾಯಪಟ್ಟಣಕ್ಕೆ ಬಂದಾಗ ಮಾತನಾಡುವುದಿಲ್ಲ, ಕೇಸು ಒಪ್ಪಿಸುತ್ತಾನೆ. "ಅರವತ್ತರ ಪುರುಷ, ನಿನ್ನೆ ರಾತ್ರಿ ಚಕ್ಕುಲಿ ತಿಂದ ಪೂರ್ವವೃತ್ತಾಂತವಿದೆ" ಎಂದು ನನ್ನನ್ನು ನನ್ನೆದುರಿನಲ್ಲಿಯೇ ವರ್ಣಿಸುವನು. ಕಾಫಿ ತಡವಾದರೆ ಸಂಭಾವ್ಯ ಕಾರಣಗಳನ್ನು ಬೆರಳೆಣಿಸುವನು. ಇವನ್ನೆಲ್ಲ ಸಹಿಸಬಹುದು.

ಆದರೆ ನೆಂಟರೊಬ್ಬರ ಗೃಹಪ್ರವೇಶದ ದಿನ, ಎಲೆ ಹಾಕುವ ಹೊತ್ತಿಗೆ ಸರಿಯಾಗಿ, "ಮಾವ, ಒಂದೈದು ನಿಮಿಷ ಸತ್ತುಹೋಗಿ, ಸಾಕು" ಎಂದನು. "ಶುಭಕಾರ್ಯದ ಮನೆಯಲ್ಲಿ ಎಂಥ ಮಾತೋ ಇದು!" ಎಂದು ತಂಗಿ ಗದರುತ್ತಿದ್ದಂತೆಯೇ ನಾನು ಜಗಲಿಯ ಮೇಲೆ ಮೃತನಾದೆನು. ಬದುಕಿರುವವನ ಎದೆಯನ್ನು ಒತ್ತಬಾರದೆಂಬ ಶಾಸ್ತ್ರವಿರುವುದರಿಂದ ನನ್ನ ಪಕ್ಕದಲ್ಲಿ ದಿಂಬೊಂದನ್ನಿರಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 30 ಸಲ ಒತ್ತಿ 2 ಸಲ ಉಸಿರೂದುವ ಕ್ರಮವನ್ನು ಪುರೋಹಿತರಿಂದ ಹಿಡಿದು ವಾಲಗದವರವರೆಗೆ ಒಬ್ಬೊಬ್ಬರಿಂದಲೂ ಮಾಡಿಸಿದನು. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು, ಸತ್ತವರನ್ನು ಊಟಕ್ಕೆ ಕರೆಯುವುದು ತಿಥಿಯ ದಿನ ಮಾತ್ರವಾದುದರಿಂದ ನನ್ನನ್ನಾರೂ ಕರೆಯಲಿಲ್ಲ. ಏಕಾದಶಿಯ ಉಪವಾಸಕ್ಕೆ ಪುರಾಣಪ್ರಸಿದ್ಧನಾದ ರುಕ್ಮಾಂಗದನನ್ನು ಸ್ಥಳಪುರಾಣದಲ್ಲಿ ನೆನೆಯುವ ಊರಿನಲ್ಲಿ, ದಶಮಿಯಂದೇ ನನಗೆ ಆ ಪುಣ್ಯ ಲಭಿಸಿತು.

"ಕೊನೆಗೆ ನಾನು ಬದುಕಿದೆನೇನಯ್ಯಾ?"

"ಇಲ್ಲ ಮಾವ. ಆದರೆ ಕ್ಲಾಸು ಬಹಳ ಚೆನ್ನಾಗಿ ಆಯಿತು."

ಆದರೂ, ಅಯ್ಯನಕೆರೆಯ ಅಚ್ಚುಕಟ್ಟಿನಲ್ಲಿ ದುಡಿಯುವವರನ್ನು ಸಂಜೆ ಕೂರಿಸಿಕೊಂಡು ಹಾವಿನ ಪಾಠ ಹೇಳುವಾಗ ಈತನ ದನಿಯೇ ಬೇರೆ. ಕಚ್ಚಿದೆಡೆಯನ್ನು ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಕಾಲನ್ನು ಅಲುಗಿಸದೆ 108ಕ್ಕೆ ಕರೆಮಾಡಿ. ಹಾವನ್ನು ಹಿಡಿಯಲು ಓಡಬೇಡಿ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಪ್ರತಿವಿಷ ಒಂದೇ. ಆಸ್ಪತ್ರೆಯಲ್ಲಿ ರಕ್ತವನ್ನು ಗಾಜಿನ ಕೊಳವೆಯಲ್ಲಿರಿಸಿ 20 ನಿಮಿಷ ಕಾಯುವರು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೇರಿತೆಂದು ಅರ್ಥ.

"ಆ ಇಪ್ಪತ್ತು ನಿಮಿಷ ನೀವೇನ್ ಮಾಡ್ತೀರಿ ಸ್ವಾಮಿ?" ಎಂದು ಮುದುಕನೊಬ್ಬ ಕೇಳಿದನು.

"ಮುಂದಿನ ರೋಗಿ ನೋಡ್ತೀನಿ ಅಜ್ಜ."

ಬೆಂಗಳೂರಿನಲ್ಲಿ ಈತನು ರಾತ್ರಿಪಾಳಿಯಿಂದ ನೇರವಾಗಿ ಪಾಠದ ಸಭೆಗೆ ಹೋಗಿ, ಕೈಜಾರಿದ ಜೀವಗಳ ವಿಚಾರಣೆಯಲ್ಲಿ, ಯಾವ ಗಳಿಗೆಯಲ್ಲಿ ಏನು ತಪ್ಪಿತೆಂದು ಹಿರಿಯರ ಮುಂದೆ ನಿಂತು ಒಪ್ಪಿಸಬೇಕಾಗುವುದೆಂದು ತಂಗಿ ಹೇಳಿದ್ದಳು. ನಮ್ಮ ಜಗಲಿಯ ಮೇಲೆ ಸತ್ತವರು ಹಸಿವಾದೊಡನೆ ಎದ್ದು ಕೂರುವರಾದುದರಿಂದಲೇ ಹುಡುಗನಿಗೆ ಇಲ್ಲಿಯ ಪಾಠ ಅಷ್ಟೊಂದು ಪ್ರಿಯವೋ ಏನೋ. ಹಾವಿನ ಪಾಠ ಮುಗಿದ ಆ ರಾತ್ರಿ ಅವನು ಕೈತೊಳೆಯಲೂ ಏಳದೆ ಎಲೆಯ ಮುಂದೆಯೇ ತೂಕಡಿಸಿದನು.

ಮುಂದಿನ ಯುಗಾದಿಗೆ ಅಭ್ಯಾಸದ ಬೊಂಬೆಯೊಂದನ್ನು ಕೊಂಡು ತರುವನೆಂದು ವಾರ್ತೆ ಬಂದಿದೆ. ಅದರ ಅರ್ಧ ಬೆಲೆಯನ್ನು ನಾನೇ ಕೊಡುವುದಾಗಿಯೂ, ಇನ್ನು ಮೇಲೆ ನೆಂಟರಿಷ್ಟರ ಮನೆಗೆ ಅದನ್ನು ಮರೆಯದೆ ಕರೆದೊಯ್ಯಬೇಕೆಂದೂ ತಿಳಿಸಿದ್ದೇನೆ.