ತಂತಿಮಣಿದರ್ಪಣಂ

ಪೀಠಿಕೆ: 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಕ್ಕೆ ದರ್ಪಣ ಹಿಡಿದನು. ಕಾರಿನ ತಂತಿಗೆ ಹಿಡಿಯುವವರಿಲ್ಲದೆ ಮುಂದಿನ ಏಳು ಶತಮಾನಗಳು ವ್ಯರ್ಥವಾದವು. ಆ ಕೊರತೆಯನ್ನು ನೀಗಲು, ರಸ್ತೆಯ ಕಾರನ್ನು ಟ್ರ್ಯಾಕ್ ಕಾರಾಗಿಸುವವರ ಹಿತಕ್ಕಾಗಿ, 12 ವೋಲ್ಟಿನ ಬ್ಯಾಟರಿಗೆ ವಂದಿಸಿ ಈ ಶಾಸ್ತ್ರವನ್ನು ಆರಂಭಿಸಲಾಗಿದೆ. ನಮ್ಮ ಟೂರಿಂಗ್ ಕಾರ್ ರೇಸುಗಳಲ್ಲಿ ಬಹುಕಾಲ ಓಡಿದ ಮಾರುತಿ ಎಸ್ಟೀಮ್ ಇಲ್ಲಿನ ಲಕ್ಷ್ಯ; ಶ್ರೀಪೆರಂಬುದೂರಿನ ಬಳಿಯ 3.7 ಕಿ.ಮೀ. ಟ್ರ್ಯಾಕ್ ಪ್ರಯೋಗಭೂಮಿ.

ಪೂರ್ವಪಕ್ಷ: ತಂತಿ ಕಿತ್ತರೆ ಕಾರು ಹಗುರಾಗುತ್ತದೆ, ಅದಕ್ಕಾಗಿಯೇ ಕೀಳಬೇಕು ಎನ್ನುವರು ಕೆಲವರು. ಇದು ಗ್ರಾಹ್ಯವಲ್ಲ. ಕಿತ್ತದ್ದೆಲ್ಲ ಸೇರಿ ಕೆಲವೇ ಕಿಲೋ. ಅಷ್ಟನ್ನು ಚಾಲಕನೇ ಒಬ್ಬಟ್ಟು ಬಿಟ್ಟು ಇಳಿಸಬಹುದು. ಸಿದ್ಧಾಂತವೇನೆಂದರೆ, ಕಾರು ಕೈಕೊಟ್ಟಾಗ ಹುಡುಕಬೇಕಾದ ತಂತಿಗಳು ಕಡಿಮೆಯಿರಬೇಕು. ಲಾಘವವಿರುವುದು ತಕ್ಕಡಿಯಲ್ಲಲ್ಲ, ಟೆಸ್ಟ್ ಲ್ಯಾಂಪ್ ಹಿಡಿದವನ ಮನಸ್ಸಿನಲ್ಲಿ.

ಸೂತ್ರ 1: ಭೋಗತಂತಿಗೆ ಲೋಪಂ.
ವೃತ್ತಿ: ಏಸಿ, ರೇಡಿಯೋ, ಪವರ್ ವಿಂಡೋ, ಸೆಂಟ್ರಲ್ ಲಾಕ್, ಒಳದೀಪ ಇವು ಭೋಗಗಳು. ಇವುಗಳ ತಂತಿಯನ್ನು ನಡುವೆ ಕತ್ತರಿಸಿ ತುದಿಗೆ ಟೇಪು ಸುತ್ತುವುದು ಲೋಪವಲ್ಲ, ಲೋಪದೋಷ. ಕನೆಕ್ಟರಿನಿಂದ ಫ್ಯೂಸಿನವರೆಗೆ ಪೂರ್ತಿ ಹೊರತೆಗೆದರೆ ಮಾತ್ರ ಲೋಪ ಸಿದ್ಧಿಸುತ್ತದೆ. ಬ್ರೇಕ್ ದೀಪ ಭೋಗವೇ ಎಂಬ ಶಂಕೆ ಬರಬಹುದು. ಅಲ್ಲ, ಅದು ಹಿಂದೆ ಬರುವವನ ಪ್ರಾಣ.

ಸೂತ್ರ 2: ಬೀಗದ ಕೈಗೆ ಸ್ವಿಚ್ ಆದೇಶಂ.
ವೃತ್ತಿ: ಕೀ ಹೋದ ಜಾಗಕ್ಕೆ ಇಗ್ನಿಷನ್ ಸ್ವಿಚ್ಚೊಂದು, ಸೆಲ್ಫ್ ಹೊಡೆಯಲು ಗುಂಡಿಯೊಂದು ಬರುತ್ತವೆ. ಇಮ್ಮೊಬಿಲೈಸರ್ ಇರುವ ಹೊಸ ಕಾರುಗಳಲ್ಲಿ ಈ ಆದೇಶ ಇಷ್ಟು ಸುಲಭವಲ್ಲ. ಫ್ಯಾನು, ಪೆಟ್ರೋಲ್ ಪಂಪುಗಳ ಭಾರೀ ಕರೆಂಟನ್ನು ಸ್ವಿಚ್ಚಿನ ಮೂಲಕ ಹರಿಸದೆ ರಿಲೇಗೆ ಒಪ್ಪಿಸಬೇಕು. ರಿಲೇಯ 30ಕ್ಕೆ ಬ್ಯಾಟರಿ, 87ಕ್ಕೆ ಪಂಪು, 85 ಮತ್ತು 86ಕ್ಕೆ ಕಾಯಿಲ್. ಪ್ರತಿ ತಂತಿಗೂ ಅದರ ದಪ್ಪಕ್ಕೆ ತಕ್ಕ ಫ್ಯೂಸ್: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಫ್ಯೂಸ್ ಪದೇ ಪದೇ ಸುಡುತ್ತಿದೆಯೆಂದು ಕೆಂಪಿನ ಜಾಗಕ್ಕೆ ಹಸಿರು ಹಾಕುವವನು ಫ್ಯೂಸನ್ನು ಉಳಿಸಿ ಕಾರನ್ನು ಸುಡುತ್ತಾನೆ.

ಸೂತ್ರ 3: ಕಿಲ್ ಸ್ವಿಚ್ಚಿಗೆ ಆಗಮಂ.
ವೃತ್ತಿ: ಮೊದಲಿಲ್ಲದ್ದು ಹೊಸದಾಗಿ ಬರುವುದು ಹೀಗೆ. ಎಫ್‌ಐಎ ನಿಯಮದಂತೆ ಇದು ಎಲ್ಲ ಸರ್ಕ್ಯೂಟುಗಳನ್ನೂ ಕಡಿಯಬೇಕು, ಎಂಜಿನ್ನನ್ನೂ ನಿಲ್ಲಿಸಬೇಕು. ಒಳಗಿನಿಂದಲೂ ಹೊರಗಿನಿಂದಲೂ ಕೈಗೆ ಸಿಗಬೇಕು. ಇದರ ಗುರುತು ಬಿಳಿ ಅಂಚಿನ ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚು. ಬ್ಯಾಟರಿಯೊಂದನ್ನೇ ಕಡಿದರೆ ಸಾಲದು. ಓಡುತ್ತಿರುವ ಎಂಜಿನ್ನಿಗೆ ಆಲ್ಟರ್ನೇಟರೇ ಕರೆಂಟು ಉಣಿಸುವುದರಿಂದ, ಸತ್ತಿತೆಂದುಕೊಂಡ ಕಾರು ಗುರುಗುಡುತ್ತಲೇ ಇರುತ್ತದೆ. ಆದ್ದರಿಂದ ಅದೇ ಸ್ವಿಚ್ಚು ಇಗ್ನಿಷನ್ನನ್ನೂ ಕಡಿಯುವಂತಿರಬೇಕು.

ಸೂತ್ರ 4: ಚಾರ್ಜಿಂಗ್ ದೀಪಕ್ಕೆ ಪ್ರಕೃತಿಭಾವಂ.
ವೃತ್ತಿ: ಕೆಲವು ಸಂಧಿಗೆ ಒಳಗಾಗದೆ ಇದ್ದಂತೆಯೇ ಇರಬೇಕು. ಡ್ಯಾಶ್‌ಬೋರ್ಡಿನ ಪುಟ್ಟ ಬ್ಯಾಟರಿ ದೀಪವನ್ನು ಕಂಡ ಲೋಪಪ್ರಿಯರು, ಟ್ರ್ಯಾಕಿನಲ್ಲಿ ಇದನ್ನು ನೋಡುವವರಾರು ಎಂದು ಕಿತ್ತೆಸೆಯುತ್ತಾರೆ. ಆದರೆ ಅನೇಕ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿನ ಫೀಲ್ಡ್ ಕಾಯಿಲ್ ಎಚ್ಚರಗೊಳ್ಳುವುದೇ ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಬಲ್ಬು ಹೋದರೆ ಚಾರ್ಜಿಂಗ್ ಹೋಯಿತು. ಎರಡು ಮೂರು ವ್ಯಾಟಿನ ಈ ಬಡಪಾಯಿಯ ಮುಂದೆ ಮಹಾ ಎಂಜಿನ್ನೂ ಬ್ಯಾಟರಿ ಬರಿದಾದೊಡನೆ ಮಂಡಿಯೂರುತ್ತದೆ. ಇಸಿಯುವಿನ ತಂತಿಗಳಿಗೂ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಗೂ ಇದೇ ನ್ಯಾಯ ಸಲ್ಲುತ್ತದೆ. ಅರ್ತ್ ಸಡಿಲವಾದ ಕಾರಿನಲ್ಲಿ ಯಾವ ದೋಷ ಎಲ್ಲಿ ಅವತರಿಸುವುದೆಂದು ಯಾವ ವೈಯಾಕರಣನೂ ಹೇಳಲಾರ.

ಫಲಶ್ರುತಿ: ಉಪಯೋಗ ಗೊತ್ತಿಲ್ಲದ ತಂತಿಯು ನಿರುಪಯೋಗಿ ತಂತಿಯಲ್ಲ. ಇದಿಷ್ಟೇ ಈ ಶಾಸ್ತ್ರದ ಸಾರ, ಉಳಿದದ್ದು ಪಾಂಡಿತ್ಯಪ್ರದರ್ಶನ. ಆದ್ದರಿಂದ ಓದುಗ ಮಹಾಶಯರೇ, ಕಟರ್ ಕೈಗೆತ್ತಿಕೊಳ್ಳುವ ಮೊದಲು ವೈರಿಂಗ್ ಡಯಾಗ್ರಮ್ ಬಿಡಿಸಿ ಓದಿ, ಬ್ಯಾಟರಿಯ ನೆಗೆಟಿವ್ ಕಳಚಿಡಿ, ತೆಗೆಯುವ ಪ್ರತಿ ತಂತಿಗೂ ಚೀಟಿ ಅಂಟಿಸಿ.