ಅಂಗಿ ಬದಲಿಸಿದವರ ಆಟ: ಅಥಣಿ–ಕಾಗವಾಡ ಪ್ರಾಂತ್ಯದ ಪಕ್ಷಾಂತರೋತ್ತರ ಮೀಮಾಂಸೆ

ತಂಡ ಬಿಟ್ಟ ಆಟಗಾರ ಹೊಸ ತಂಡದಲ್ಲಿ ಹೇಗೆ ಆಡುತ್ತಾನೆ ಎಂಬ ಗಹನ ಪ್ರಶ್ನೆಯನ್ನು ವಿದ್ವತ್ ವಲಯ ಇದುವರೆಗೆ ಕಡೆಗಣಿಸಿದೆ. ಹೀಗಾಗಿ ಅದರ ಪೂರ್ತಿ ಭಾರ ಚಹಾದಂಗಡಿಗಳ ಮೇಲೆ ಬಿದ್ದಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ 1919ರ ಕೊನೆಯಲ್ಲಿ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಆತ ಮರುವರ್ಷವೇ 54 ಹೋಮ್ ರನ್ ಬಾರಿಸಿದ. ಮಾರಿದವರು ಮುಂದಿನ ಪ್ರಶಸ್ತಿಗಾಗಿ 2004ರವರೆಗೆ ಬಾಯಿ ಬಿಟ್ಟುಕೊಂಡು ಕೂತರು. ನಮ್ಮ ಆರ್‌ಸಿಬಿ ಬಿಟ್ಟ ಶೇನ್ ವಾಟ್ಸನ್ ಚೆನ್ನೈ ಸೇರಿದ ವರ್ಷವೇ, ಅಂದರೆ 2018ರ ಐಪಿಎಲ್ ಫೈನಲ್‌ನಲ್ಲಿ, 57 ಎಸೆತಕ್ಕೆ 117 ಹೊಡೆದು ಅಜೇಯನಾಗಿ ಉಳಿದ. ಚಾಹಲ್ ರಾಜಸ್ಥಾನಕ್ಕೆ ಹೋದ 2022ರಲ್ಲೇ 27 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ತಲೆಗೇರಿಸಿಕೊಂಡ. "ನಮ್ಮಲ್ಲಿದ್ದಾಗ ಇವನಿಗೆ ಏನು ಧಾಡಿಯಾಗಿತ್ತು?" ಎಂದು ಕನ್ನಡಿಗರು ವರ್ಷಗಟ್ಟಲೆ ಕೇಳಿಕೊಂಡರು. 2025ರ ಜೂನ್ 3ರಂದು ಆರ್‌ಸಿಬಿಗೂ ಕಪ್ ಬಂದ ಮೇಲಷ್ಟೇ ಆ ಹೊಟ್ಟೆಯುರಿ ತಣ್ಣಗಾಗಿ, ವಿಷಯವನ್ನು ಶಾಸ್ತ್ರೀಯವಾಗಿ ನೋಡುವ ಕಾಲ ಕೂಡಿಬಂದಿದೆ.

ಆದರೆ ಕ್ರಿಕೆಟ್ ಶುದ್ಧ ಪ್ರಯೋಗಕ್ಕೆ ಒಗ್ಗುವ ಆಟವಲ್ಲ. ಅಲ್ಲಿ ಪಿಚ್ ಬದಲಾಗುತ್ತದೆ, ಎದುರಾಳಿ ಬದಲಾಗುತ್ತಾನೆ, ಮಳೆ ಬರುತ್ತದೆ. ಸಂಶೋಧನೆಗೆ ಬೇಕಾದದ್ದು ಮೈದಾನವೂ ಆಟಗಾರರೂ ಅವೇ ಇದ್ದು, ಅಂಗಿ ಮಾತ್ರ ಬೇರೆಯಾದ ಸ್ಥಿತಿ. ಇಂಥ ಪ್ರಯೋಗಶಾಲೆಯನ್ನು ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಿಲ್ಲ. ಅದು ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ, ಕಬ್ಬಿನ ಗದ್ದೆಗಳ ನಡುವೆ ಸಿದ್ಧವಾಗಿಯೇ ಇದೆ.

ಮೊದಲು ಕಾಗವಾಡ. 2013ರಲ್ಲಿ ಬಿಜೆಪಿಯ ರಾಜು ಕಾಗೆಯವರು ಜೆಡಿಎಸ್‌ನ ಶ್ರೀಮಂತ ಪಾಟೀಲರನ್ನು ಸೋಲಿಸಿದರು. 2018ರಲ್ಲಿ ಕಾಂಗ್ರೆಸ್‌ನ ಪಾಟೀಲರು ಬಿಜೆಪಿಯ ಕಾಗೆಯವರನ್ನು ಸೋಲಿಸಿದರು. 2019ರ ಉಪಚುನಾವಣೆಯಲ್ಲಿ ಬಿಜೆಪಿಯ ಪಾಟೀಲರು ಕಾಂಗ್ರೆಸ್‌ನ ಕಾಗೆಯವರನ್ನು 18,557 ಮತಗಳಿಂದ ಸೋಲಿಸಿದರು. 2023ರಲ್ಲಿ ಕಾಂಗ್ರೆಸ್‌ನ ಕಾಗೆಯವರು ಬಿಜೆಪಿಯ ಪಾಟೀಲರನ್ನು 8,827 ಮತಗಳಿಂದ ಸೋಲಿಸಿದರು. ಓದುಗರು ಈ ನಾಲ್ಕು ವಾಕ್ಯಗಳನ್ನು ಇನ್ನೊಮ್ಮೆ, ಬೆರಳು ಮಡಚಿಕೊಂಡು ಓದಬೇಕಾಗಿ ವಿನಂತಿ. ಸರಣಿ 2–2ರಲ್ಲಿ ಸಮ.

ಇನ್ನು ಅಥಣಿ. 2018ರಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿಯವರು ಬಿಜೆಪಿಯ ಲಕ್ಷ್ಮಣ ಸವದಿಯವರನ್ನು 2,331 ಮತಗಳಿಂದ ಸೋಲಿಸಿದರು. 2019ರ ಉಪಚುನಾವಣೆಯಲ್ಲಿ ಬಿಜೆಪಿಯ ಅಂಗಿ ತೊಟ್ಟ ಕುಮಠಳ್ಳಿಯವರ ಗೆಲುವಿನ ಅಂತರ 39,989ಕ್ಕೆ ಜಿಗಿಯಿತು. ಆಗ ಸವದಿಯವರೂ ಅದೇ ತಂಡದಲ್ಲಿದ್ದರು, ಅದೂ ಉಪಮುಖ್ಯಮಂತ್ರಿಯಾಗಿ. ಮರುವರ್ಷದ ಫೆಬ್ರವರಿಯಲ್ಲಿ, ಉಪಚುನಾವಣೆ ಗೆದ್ದು ಬಂದ 11 ವಲಸಿಗರ ಪೈಕಿ 10 ಮಂದಿ ಮಂತ್ರಿಗಳಾದಾಗ ಹೊರಗುಳಿದವರು ಕುಮಠಳ್ಳಿ. ಸೋತವರು ತಂಡದ ಉಪನಾಯಕ, ಅವರನ್ನು ಸೋಲಿಸಿ ಬಂದವರು ಬೆಂಚಿನ ಮೇಲೆ. ಇಂಥ ವ್ಯವಸ್ಥೆ ಬೇಸ್‌ಬಾಲಿನಲ್ಲಿ ಇದ್ದಂತೆ ಕಾಣುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಕೈತಪ್ಪಿದ ಸವದಿಯವರು ಕಾಂಗ್ರೆಸ್ ಸೇರಿ, ಕುಮಠಳ್ಳಿಯವರನ್ನು 76,122 ಮತಗಳಿಂದ ಸೋಲಿಸಿದರು.

ಇಲ್ಲಿಯೇ ನಮ್ಮ ಪ್ರಬಂಧದ ಮುಖ್ಯ ಶೋಧವಿದೆ. ಎರಡೂ ಕ್ಷೇತ್ರಗಳಲ್ಲಿ 2018ರಲ್ಲಿ ಕಾಂಗ್ರೆಸ್ ಗೆದ್ದಿತು, 2023ರಲ್ಲೂ ಕಾಂಗ್ರೆಸ್ಸೇ ಗೆದ್ದಿತು. ಆದರೆ ಎರಡನೆಯ ಗೆಲುವು ಬಂದದ್ದು ಮೊದಲ ಸಲ ತಾನು ಸೋಲಿಸಿದವರ ಕೈಯಿಂದ, ತನಗೆ ಗೆದ್ದುಕೊಟ್ಟವರ ವಿರುದ್ಧ. ಪಕ್ಷದ ಪ್ರಣಾಳಿಕೆಯನ್ನು ಆಧಾರವಾಗಿಟ್ಟುಕೊಂಡು ಮತದಾರನ ಮನಸ್ಸನ್ನು ವಿಶ್ಲೇಷಿಸುವ ವಿದ್ವಾಂಸರು ಈ ಎರಡು ತಾಲ್ಲೂಕುಗಳನ್ನು ನಕ್ಷೆಯಿಂದ ಕೈಬಿಡುವುದು ಕ್ಷೇಮ. ಅಥಣಿ ಬಸ್ ಸ್ಟ್ಯಾಂಡಿನ ಬಳಿ ಒಬ್ಬ ಹಿರಿಯರನ್ನು "ಕಾಕಾ, ನಿಮ್ಮ ಸಾಹೇಬರು ಯಾವ ಪಾರ್ಟಿ?" ಎಂದು ಕೇಳಿದಾಗ, "ಇವತ್ತ ಯಾವ ವಾರ ಅದ ಮೊದಲ ಹೇಳ್ರಿ" ಎಂದರು. ಪಂಚಾಂಗ ನೋಡಿ ಉತ್ತರಿಸುವ ಈ ವಿಧಾನವೇ ಹೆಚ್ಚು ವೈಜ್ಞಾನಿಕವೆಂದು ನಮ್ಮ ಅಭಿಪ್ರಾಯ.

ಆಟದ ನಿಯಮಗಳ ಬಗ್ಗೆ ಒಂದು ಮಾತು. ಅಂಗಿ ಬದಲಿಸುವುದನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. 2019ರ ಜುಲೈನಲ್ಲಿ ಸ್ಪೀಕರ್ ರಮೇಶ್ ಕುಮಾರ್ ನಮ್ಮ ಪಾಟೀಲ, ಕುಮಠಳ್ಳಿ ಸೇರಿ 17 ಶಾಸಕರಿಗೆ ಔಟ್ ಕೊಟ್ಟು, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಬ್ಯಾಟು ಹಿಡಿಯಬಾರದು ಎಂದರು. ಅದೇ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಔಟ್ ಆದದ್ದು ನಿಜ, ಆದರೆ ಮುಂದಿನ ಪಂದ್ಯ ಆಡಬಹುದು ಎಂದಿತು. ಡಿಸೆಂಬರ್ 5ಕ್ಕೆ ಪಂದ್ಯವೂ ನಡೆಯಿತು. ಐಪಿಎಲ್‌ನಲ್ಲಿ ಆಟಗಾರ ಏಕೆ ತಂಡ ಬದಲಿಸಿದ ಎಂದು ಕೇಳಿದರೆ ಹರಾಜಿನ ಮೊತ್ತ ಹೇಳುತ್ತಾರೆ. ನಮ್ಮ ಪ್ರಾಂತ್ಯದಲ್ಲಿ ಕಾರಣ ಎಂದೆಂದಿಗೂ ಒಂದೇ: ಕ್ಷೇತ್ರದ ಅಭಿವೃದ್ಧಿ. ಇಷ್ಟು ಸಲ ಅಭಿವೃದ್ಧಿಯ ಸಲುವಾಗಿ ಮನೆ ಬಿಟ್ಟವರಿರುವ ನಾಡಿನಲ್ಲಿ ರಸ್ತೆಗಳು ಹೇಗಿರಬೇಕು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ.

ಈಗ ಸಿದ್ಧಾಂತ. ಇದಕ್ಕೆ 'ಪ್ರಥಮ ಪಂದ್ಯ ನಿಯಮ' ಎಂದು ಹೆಸರಿಟ್ಟಿದ್ದೇವೆ: ಹೊಸ ಅಂಗಿಯ ಮಿರುಗು ಮೊದಲ ಚುನಾವಣೆಗಷ್ಟೇ, ಎರಡನೆಯದಕ್ಕೆ ಬಣ್ಣ ಬಿಡುತ್ತದೆ. ಪಾಟೀಲರು ಹೊಸ ಅಂಗಿಯಲ್ಲಿ ಮೊದಲು ಗೆದ್ದರು, ಮುಂದಿನ ಸಲ ಸೋತರು. ಕುಮಠಳ್ಳಿಯವರದೂ ಅದೇ ಕಥೆ. ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ಬಿಎಸ್ಆರ್ ಕಾಂಗ್ರೆಸ್‌ನಿಂದ ಬಿಜೆಪಿಗೆ ಬಂದ ಪಿ. ರಾಜೀವ್ 2018ರಲ್ಲಿ ಗೆದ್ದು 2023ರಲ್ಲಿ ಸೋತರು. ವಾಟ್ಸನ್ ಕೂಡ ಎರಡನೇ ವರ್ಷದ ಫೈನಲ್‌ನಲ್ಲಿ 80 ಹೊಡೆದರೂ ಚೆನ್ನೈ ಒಂದು ರನ್ನಿನಿಂದ ಸೋತಿತು. ಬೇಬ್ ರೂತ್ ಮಾತ್ರ ಎರಡನೇ ವರ್ಷ 59 ಹೋಮ್ ರನ್ ಹೊಡೆದು ಸಿದ್ಧಾಂತಕ್ಕೆ ತೊಡಕಾದ. ಆತ ಕೃಷ್ಣೆಯ ನೀರು ಕುಡಿದವನಲ್ಲವಾದ್ದರಿಂದ ಅವನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅಡ್ಡಿಯಾಗುವವರು ಇನ್ನೂ ಇಬ್ಬರಿದ್ದಾರೆ. ಕಾಗೆಯವರು ಹೊಸ ಅಂಗಿಯಲ್ಲಿ ಮೊದಲು ಸೋತು ಆಮೇಲೆ ಗೆದ್ದರು. ಅವರ ವಿಷಯದಲ್ಲಿ ಅಥಣಿಯ ಚಪ್ಪಲಿಯೇ ನಮಗೆ ದಾರಿ ತೋರಿತು. ಚಕ್ಕಳದ ಹೊಸ ಜೋಡು ಮೊದಮೊದಲು ಕಚ್ಚುತ್ತದೆ. ಎಣ್ಣೆ ಹಚ್ಚಿ ನಾಲ್ಕು ದಿನ ತಿರುಗಿದ ಮೇಲೆ ಕಾಲಿಗೆ ಹೊಂದುತ್ತದೆ. (ಹಾಗೆ ನೋಡಿದರೆ ಆ ಚಪ್ಪಲಿಯೂ ವಲಸೆ ಆಟಗಾರನೇ. ಹುಟ್ಟಿದ್ದು ಅಥಣಿ, ಹೆಸರು ಕೊಲ್ಹಾಪುರಿ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಹೆಸರು ಮಾತ್ರ ಬದಲಾಗಲಿಲ್ಲ.) ಮತದಾನಕ್ಕೆ ಕೆಲವೇ ವಾರ ಮೊದಲು ಕಾಂಗ್ರೆಸ್ ಸೇರಿದ ಕಾಗೆಯವರಿಗೆ ಜೋಡಿಗೆ ಎಣ್ಣೆ ಹಚ್ಚುವಷ್ಟು ಸಮಯವೂ ಇರಲಿಲ್ಲ. ಎರಡನೆಯ ಅಡ್ಡಿ ಎಂಟು ಸಲ ಶಾಸಕರಾದ ದಿವಂಗತ ಉಮೇಶ ಕತ್ತಿ. ಜನತಾ ಪಕ್ಷ, ಜನತಾ ದಳ, ಜೆಡಿಯು, ಜೆಡಿಎಸ್, ಬಿಜೆಪಿ ಎಲ್ಲದರಲ್ಲೂ ಗೆದ್ದು, 2004ರಲ್ಲಿ ಕಾಂಗ್ರೆಸ್‌ನಲ್ಲಿ ಮಾತ್ರ ಸೋತವರು. ಅಂಗಿಯ ಹಂಗೇ ಇಲ್ಲದ ಇಂಥ ಆಟಗಾರರು ಸಿದ್ಧಾಂತಗಳಿಗೆ ಅಪಾಯಕಾರಿ. ಕತ್ತಿಯವರ ಹುಕ್ಕೇರಿ ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂಬ ಐದು ತಾಲ್ಲೂಕುಗಳ ಆಚೆಗಿರುವುದು ಪುಣ್ಯ.

ಕಾಲನಿರ್ಣಯಕ್ಕೆ ನಾವು ಬಳಸಿದ್ದು ಫ್ಲೆಕ್ಸ್ ಶಾಸನಗಳನ್ನು. ಹುಟ್ಟುಹಬ್ಬ ಮುಗಿದ ಮೇಲೆ ಈ ಶಾಸನಗಳು ಹಳ್ಳಿಗೆ ಹೋಗಿ ಕಣಕಿ ಬಣವಿಯ ಮೇಲೋ ದನದ ಕೊಟ್ಟಿಗೆಯ ಮಾಡಿನ ಮೇಲೋ ನೆಲೆ ನಿಲ್ಲುತ್ತವೆ. ಸವದಿ ಮತ್ತು ಕುಮಠಳ್ಳಿ ಒಂದೇ ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತಿದ್ದರೆ ಅದು ನಿಸ್ಸಂದೇಹವಾಗಿ 2019ರ ನವೆಂಬರ್ ಮತ್ತು 2023ರ ಏಪ್ರಿಲ್ ನಡುವಿನದು. ಕೆಳಭಾಗದಲ್ಲಿ ಸಾಲಾಗಿ ಅಂಚೆಚೀಟಿ ಗಾತ್ರದಲ್ಲಿರುವ ಮುಖಗಳು ಕಾರ್ಯಕರ್ತರವು. ನಾಯಕ ಅಂಗಿ ಬದಲಿಸಿದ ದಿನ ನಿಜವಾದ ಪೇಚು ಇವರದೇ. ನಿನ್ನೆ ಯಾರ ಮೇಲೆ ಠಾಣೆಗೆ ದೂರು ಕೊಟ್ಟಿದ್ದರೋ ಇಂದು ಅವರೊಂದಿಗೆ ಒಂದೇ ಜೀಪಿನಲ್ಲಿ, ತೊಡೆಗೆ ತೊಡೆ ತಾಗಿಸಿ ಕೂತು ಪ್ರಚಾರಕ್ಕೆ ಹೋಗಬೇಕು. ಇವರ ಹೊಸ ತಂಡದ ಸಾಧನೆಯನ್ನು ಯಾವ ಅಂಕಿಅಂಶವೂ ದಾಖಲಿಸುವುದಿಲ್ಲ.

ತುಲನೆಗಾಗಿ ಅಂಗಿ ಬದಲಿಸದವರನ್ನೂ ಪರಿಶೀಲಿಸುವುದು ಶಾಸ್ತ್ರಸಮ್ಮತ. ನಿಪ್ಪಾಣಿಯಲ್ಲಿ ಬಿಜೆಪಿಯ ಶಶಿಕಲಾ ಜೊಲ್ಲೆ 2013ರಿಂದ ಸತತ ಮೂರು ಸಲ ಗೆದ್ದಿದ್ದಾರೆ. ರಾಯಬಾಗದಲ್ಲಿ ಅದೇ ಪಕ್ಷದ ದುರ್ಯೋಧನ ಐಹೊಳೆ 2008ರಿಂದ ಸತತ ನಾಲ್ಕು ಸಲ. ಚಿಕ್ಕೋಡಿ–ಸದಲಗಾದಲ್ಲಿ ಕಾಂಗ್ರೆಸ್‌ನ ಗಣೇಶ ಹುಕ್ಕೇರಿ 2023ರಲ್ಲಿ 78,509 ಮತಗಳ ಅಂತರದಿಂದ ಗೆದ್ದರು. ಇದು ಸವದಿಯವರ ಅಂತರಕ್ಕಿಂತಲೂ ಹೆಚ್ಚು. ಇದ್ದ ಅಂಗಿಯಲ್ಲೇ ಇದ್ದವರು ಹೆಚ್ಚು ಗೆದ್ದಿದ್ದಾರೆಂಬ ಈ ಫಲಿತಾಂಶ ನಮ್ಮ ಪ್ರಬಂಧಕ್ಕೆ ಅನುಕೂಲವಾಗಿಲ್ಲ. ಒಂದೇ ಅಂಗಿ ತೊಟ್ಟವರ ಬಗ್ಗೆ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯವೂ ಇಲ್ಲ. ಆದ್ದರಿಂದ ಇದನ್ನು ಇಲ್ಲಿಗೇ ಕೈಬಿಡಲಾಗಿದೆ.

ಪ್ರಥಮ ಪಂದ್ಯ ನಿಯಮದ ಸತ್ಯಾಸತ್ಯ ತಿಳಿಯಬೇಕಾದರೆ ಸವದಿಯವರ ಎರಡನೇ ಪಂದ್ಯ ನಡೆಯಬೇಕು. ವಿಧಾನಸಭೆಯ ಅವಧಿ 2028ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಐದೂ ತಾಲ್ಲೂಕುಗಳ ರೈತಬಾಂಧವರಲ್ಲಿ ನಮ್ಮ ಕಳಕಳಿಯ ಪ್ರಾರ್ಥನೆ: ಬಣವಿಯ ಮೇಲಿನ ಹಳೆಯ ಫ್ಲೆಕ್ಸುಗಳನ್ನು ಹರಿಯಬೇಡಿ, ಸುಡಬೇಡಿ, ಮುಖ ಒಳಗಾಗಿ ಹೊದಿಸಬೇಡಿ.