‘ನನ್ನ ಮೇಲೆ ಎರಡು ತಿಂಗಳಿಂದ ಕರ್ಚೀಫಿದೆ!’

ಏಪ್ರಿಲ್ ಬಂತು. ಜೂನ್‌ನಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ಬಸವನಗುಡಿಯ ಅಪ್ಪಂದಿರಿಗೆ ಹೊಸ ಡ್ಯೂಟಿಯೊಂದು ಬಿದ್ದಿದೆ: ಮಧ್ಯಾಹ್ನ ಸರಿಯಾಗಿ ಮೂರೂವರೆಗೆ ಲ್ಯಾಪ್‌ಟಾಪ್ ಮುಂದೆ ಹಾಜರಾಗುವುದು. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಆಗ ಬೆಳಿಗ್ಗೆ ಆರು. ಡಿಸ್ನಿ ವರ್ಲ್ಡ್‌ನ ಹೋಟೆಲುಗಳಲ್ಲಿ 60 ದಿನದಾಚೆಯ ಊಟಕ್ಕೆ ಬುಕಿಂಗ್ ಶುರುವಾಗುವ ಹೊತ್ತು. ಮಗನಿಗೆ ನಿದ್ದೆ ಬಿಟ್ಟಿರುವುದಿಲ್ಲ. ಅಪ್ಪನದೋ ತತ್ಕಾಲ್‌ನಲ್ಲಿ ಪಳಗಿದ ಬೆರಳು. ಆದರೂ ಸಿಗುವುದು ಸಂಜೆ 4:50ರ ‘ರಾತ್ರಿಯೂಟ’. ವಾಟ್ಸ್‌ಆ್ಯಪ್ ಗುಂಪುಗಳ ಗೋಳು ಕೇಳಲಾರದೆ ನೇರ ಮೇಜನ್ನೇ ಹಿಡಿದು ಕೂರಿಸಿಕೊಂಡೆವು. ಅಲ್ಲಿನ ಸಿಂಡ್ರೆಲಾ ಕೋಟೆಯ ಆಸುಪಾಸಿನದು, ನಾಲ್ಕು ಕುರ್ಚಿಯದು, ಕಿಟಕಿ ಪಕ್ಕದ್ದು. ಹೆಸರು ಹಾಕಬೇಡಿ ಎಂದಿತು.

ನಮಸ್ಕಾರ. ಎರಡು ತಿಂಗಳ ಮೊದಲೇ ಊಟ ಬುಕ್ ಮಾಡಬೇಕೆ? ಇದೇನು ಮದುವೆ ಛತ್ರವೆ?

ಎರಡು ತಿಂಗಳಿಗೇ ಬಾಯಿ ಬಡ್ಕೊಂಡ್ರೆ ಹೇಗೆ ಸ್ವಾಮಿ? ಕೊರೊನಾಕ್ಕೆ ಮೊದಲು 180 ದಿನ ಇತ್ತು. ಆರು ತಿಂಗಳಾಚೆಯ ಮಂಗಳವಾರ ನಿಮ್ಮ ಮೊಮ್ಮಗಳಿಗೆ ಪಾಸ್ತಾ ಬೇಕೋ ಪಿಜ್ಜಾ ಬೇಕೋ ಅಂತ ಆಗಲೇ ತೀರ್ಮಾನ ಆಗ್ಬೇಕಿತ್ತು. ಈಗ ಪರವಾಗಿಲ್ಲ.

ನಮ್ಮ ರೈಲ್ವೆಯೂ 2024ರ ನವೆಂಬರ್‌ನಿಂದ 120 ದಿನವನ್ನು 60ಕ್ಕೆ ಇಳಿಸಿದೆ, ಗೊತ್ತೆ? ನಿಮ್ಮಲ್ಲಿ ಆರ್‌ಎಸಿ ಇದೆಯೆ?

ಅದೇನದು?

ಒಂದು ಬರ್ತ್‌ನಲ್ಲಿ ಇಬ್ಬರು ಕೂರುವುದು. ನಿಮ್ಮ ಕುರ್ಚಿಯನ್ನೂ ಹಾಗೆ ಅರ್ಧರ್ಧ...

ನನ್ನ ದುಃಖ ಹೇಳ್ತೀನಿ, ಮೊದಲು ಅದನ್ನ ಬರ್ಕೊಳ್ಳಿ. ಕರ್ಚೀಫು ಹಾಕೋರ ಕಾಟ! ನಿಮ್ಮೂರ ಬಸ್ಸಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡೀತಾರಲ್ಲ, ಹಾಗೆ. ಅಪ್ಪನ ಹೆಸರಲ್ಲಿ ಒಂದು ಕಡೆ, ಅಮ್ಮನ ಹೆಸರಲ್ಲಿ ಇನ್ನೊಂದು ಕಡೆ, ಭಾವಮೈದುನನ ಹೆಸರಲ್ಲಿ ಮತ್ತೊಂದು ಕಡೆ, ಮೂರೂ ಏಳು ಗಂಟೆಗೇ. ಹೋಗೋದು ಒಂದಕ್ಕೆ. ಉಳಿದೆರಡು ಮೇಜು ಚಮಚ ಜೋಡಿಸ್ಕೊಂಡು, ಕರವಸ್ತ್ರ ಮಡಚ್ಕೊಂಡು ಬಾಗಿಲು ನೋಡ್ತಾ ಕೂತಿರ್ಬೇಕು.

ಬೆಲೆ ವಿಪರೀತ ಅನ್ನುತ್ತಾರೆ. ಗದ್ದಲವೂ ಹೆಚ್ಚಂತೆ.

ಅದೆಲ್ಲ ಇರಲಿ. ಕರ್ಚೀಫಿನ ವಿಷಯಕ್ಕೆ ಬನ್ನಿ. ಬಹುತೇಕ ಕಡೆ ಎರಡು ಗಂಟೆ ಮೊದಲು ರದ್ದು ಮಾಡಿದ್ರೆ ಒಂದು ಪೈಸೆ ದಂಡ ಇಲ್ಲ. ಫೋನಲ್ಲಿ ಒಂದು ಸಲ ಒತ್ತಿದ್ರೆ ಮುಗೀತು. ಅಷ್ಟನ್ನೂ ಮಾಡಲ್ಲ.

ಅಂದರೆ ಚಾರ್ಟ್ ಸಿದ್ಧವಾಗುವ ಹೊತ್ತಿಗೆ ಸೀಟು ಬೀಳುತ್ತದೆ! ಹಿಂದಿನ ರಾತ್ರಿ, ಆಮೇಲೆ ಊಟಕ್ಕೆ ಎರಡು ಗಂಟೆ ಮುಂಚೆ ಆ್ಯಪ್ ನೋಡಿದರೆ...

ಸಿಗುತ್ತೆ, ಸಿಗುತ್ತೆ. ಹೋಟೆಲ್ ಮುಂದೆ ನಿಂತು ಆ್ಯಪ್‌ನಲ್ಲೇ ಹೆಸರು ಹಚ್ಚೋ ವೇಟಿಂಗ್ ಲಿಸ್ಟೂ ಇದೆ. ತೆರೆದಿದ್ದಾಗ.

ವೇಟಿಂಗ್ ಲಿಸ್ಟ್! ಜನರಲ್ಲೋ ತತ್ಕಾಲೋ? ಎಂ.ಪಿ. ಲೆಟರ್ ತಂದರೆ?

(ಮೇಜು ಮಾತಾಡಲಿಲ್ಲ.)

ಬರದವರಿಗೆ ದಂಡ ಇದೆಯಲ್ಲ? ತಲೆಗೆ ಹತ್ತು ಡಾಲರ್ ಎಂದು ಕೇಳಿದ್ದೆ.

ಇದೆ. ದಂಡ ಕಟ್ಟಿದವರಿಗೆ ತಪ್ಪು ಮಾಡಿದ್ದೀವಿ ಅಂತ ಅನ್ನಿಸೋದೇ ಇಲ್ಲ; ಲೆಕ್ಕ ಚುಕ್ತಾ ಆಯ್ತಲ್ಲ. ಆದ್ರೆ ನನ್ನೆದುರು ಏನಾಗುತ್ತೆ ಹೇಳ್ಲಾ? ಜುಲೈ ಮಧ್ಯಾಹ್ನದ ಬಿಸಿಲು. ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿರ್ತಾರೆ, ಸಕ್ಕರೆ ಕಾಯಿಲೆ. ಹೊತ್ತು ಮೀರಿದೆ, ಕೈ ನಡುಗ್ತಿದೆ. ಮಗ ಪರ್ಸಿನಲ್ಲಿ ಚಾಕೊಲೇಟು ಹುಡುಕ್ತಿದ್ದಾನೆ. ಅವರ ಕಣ್ಣೆದುರೇ ನಾನು, ನಾಲ್ಕೂ ಕುರ್ಚಿ ಖಾಲಿ. ಆದ್ರೂ ‘ಸೀಟಿಲ್ಲ’ ಅನ್ನೋ ಉತ್ತರ. ಯಾಕಂದ್ರೆ ನನ್ನನ್ನ ಬುಕ್ ಮಾಡಿರೋನು ಈಜುಕೊಳದಲ್ಲಿ ಬಿದ್ದಿದ್ದಾನೆ, ಇವತ್ತು ಮೂಡಿಲ್ಲವಂತೆ. ಡಿಸ್ನಿಯದೇ ವಸತಿಯಲ್ಲಿ ಉಳಿದೋನಾದ್ರೆ ಬಂದಿಳಿಯೋ ದಿನಕ್ಕೆ 60 ದಿನ ಇರುವಾಗಲೇ, ಮುಂದಿನ ಹತ್ತು ದಿನದ ಊಟವನ್ನೆಲ್ಲ ಒಂದೇ ಬೆಳಿಗ್ಗೆ ಬಳ್ಕೊಳ್ತಾನೆ. ಟ್ಯಾಂಪಾದಲ್ಲಿ ಚಿಕ್ಕಪ್ಪನ ಮನೇಲಿ ಉಳ್ಕೊಂಡು ದಿನಕ್ಕೊಂದು ಸಲ ಆರು ಗಂಟೆಗೆ ಎದ್ದೋನಿಗೆ ಉಳಿಯೋದು 4:50. ಹಸಿವಿಗೂ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಮಾಡಿದವರಿಗೆ ನಾಚಿಕೆ ಬೇಡ್ವೆ? ಖಾಲಿ ಕುರ್ಚಿಗೂ ದುಡ್ಡು ಬರುತ್ತೆ ಅಂದ್ಮೇಲೆ ಬಾಗಿಲಲ್ಲಿ ನಿಂತ ಅಜ್ಜಿ ಯಾರಿಗೆ ಬೇಕು?

(ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮೂಡಿಲ್ಲದವನ ಬಗ್ಗೆ ಇಲ್ಲಿ ಅಚ್ಚಾಗದ ಒಂದು ಮಾತನ್ನು ನಾನೂ ಸೇರಿಸಿದೆ.)

ಹಾಗಾದರೆ ನಮ್ಮ ಓದುಗರು ಏನು ಮಾಡಬೇಕು?

ಮಗು ಸಿಂಡ್ರೆಲಾ ಜೊತೆಗೇ ಉಣ್ಬೇಕು ಅಂತ ಹಟ ಹಿಡಿದ್ರೆ ಕೋಟೆಯೊಳಗಿನ ಹೋಟೆಲನ್ನ ಬುಕ್ ಮಾಡ್ಲೇಬೇಕು. ಅದು ಊಟ ಅಲ್ಲ, ದರ್ಶನದ ಟಿಕೆಟ್ಟು. ಸಸ್ಯಾಹಾರಿಗಳಾದ್ರೆ ಆ್ಯನಿಮಲ್ ಕಿಂಗ್ಡಮ್ ಲಾಡ್ಜ್‌ನ ‘ಸನಾ’ಕ್ಕೆ ಹೋಗ್ಲಿ. ನಾನ್ ಜೊತೆ ಒಂಬತ್ತು ಬಗೆ ಚಟ್ನಿ, ಉಪ್ಪಿನಕಾಯಿ, ರಾಯಿತ ಕೊಡ್ತಾರೆ, ಕಿಟಕಿಯಾಚೆ ಜಿರಾಫೆ. ನನ್ನ ಕಿಟಕಿಯಾಚೆ ಬರೀ ಮಕ್ಕಳ ತಳ್ಳುಗಾಡಿ. ಹೊಟ್ಟೆ ಉರಿಯುತ್ತೆ, ಆದ್ರೂ ಹೇಳ್ತೀನಿ, ಅಲ್ಲಿ ಬುಕ್ ಮಾಡಿದ್ರೆ ಮೋಸ ಇಲ್ಲ.

ಮಿಕ್ಕ ಹೊತ್ತಿಗೆ?

ಕೌಂಟರ್ ಹೋಟೆಲುಗಳಿವೆ. ಫೋನಲ್ಲಿ ಆರ್ಡರ್ ಮಾಡಿ, ಕರೆದಾಗ ಹೋಗಿ ತಟ್ಟೆ ತಗೊಳ್ಳೋದು. ಊಟದ ಹೊತ್ತಲ್ಲಿ ಅಲ್ಲೂ ನೂಕುನುಗ್ಗಲು ಅನ್ನಿ, ಹನ್ನೊಂದಕ್ಕೇ ಉಂಡುಬಿಡಿ. ಇನ್ನೊಂದು ಗುಟ್ಟು: ಮನೆಯಿಂದ ಬುತ್ತಿ ತರಬಹುದು.

ಏನೆಂದಿರಿ! ಗೇಟಿನಲ್ಲಿ ಕಸಿದುಕೊಳ್ಳುವುದಿಲ್ಲವೆ?

ಇಲ್ಲ ಸ್ವಾಮಿ. ಗಾಜಿನ ಡಬ್ಬಿ ಬೇಡ, ಹೆಂಡ ಬೇಡ, ಬಿಸಿ ಮಾಡಿ ಅಂತ ಕೇಳೋ ಹಾಗಿಲ್ಲ. ಪುಳಿಯೋಗರೆ, ಚಪಾತಿ ಪಲ್ಯ, ಮೊಸರನ್ನ, ಯಾವುದಕ್ಕೂ ಅಡ್ಡಿಯಿಲ್ಲ. ನಿಮ್ಮವರು ನೆರಳಲ್ಲಿ ಬೆಂಚು ಹಿಡಿದು ಸ್ಟೀಲ್ ಡಬ್ಬಿ ಬಿಚ್ಚಿದ್ರೆ ಪಕ್ಕದ ಬೆಂಚಿನವರು ಬರ್ಗರ್ ಬಿಟ್ಟು ಈ ಕಡೆ ತಿರುಗ್ತಾರೆ.

ರೈಲಿನಲ್ಲೂ ಹಾಗೆಯೇ. ಅಂದಹಾಗೆ, ಆರ್‌ಎಸಿಯವರಿಗೆ ಅರ್ಧ ಬರ್ತ್ ಕೊಟ್ಟು ಪೂರ್ತಿ ದುಡ್ಡು ಕಿತ್ತುಕೊಳ್ಳುವುದು ಯಾವ ನ್ಯಾಯ? ಮೇಜಾಗಿ ನಿಮ್ಮ ಅಭಿಪ್ರಾಯವೇನು?

ಅದನ್ನ ರೈಲ್ವೆ ಮಂತ್ರಿಗಳನ್ನ ಕೇಳಿ. ಓ, ಬಸವನಗುಡಿಯವರು ಬಂದ್ರು, 4:50ರವರು. ನಾಲ್ಕೇ ಜನ ಅಂದಿದ್ರು, ಏಳು ಜನ ಇದ್ದಾರೆ. ಏಳಿ, ಏಳಿ, ಕುರ್ಚಿ ಬಿಡಿ!